ಹೆಲ್ವೆ ಕೊಟ್ಟ ಹತ್ತಂಕ

ರೇಲಿಕಾಳ ಕೆಲಸ ಓದುವುದು. ಓದುವುದೆಂದರೆ ಕಾಲು ಚಾಚಿಕೊಂಡು ಕಾದಂಬರಿ ಓದುವುದಲ್ಲ ಮಾರಾಯರೇ! ಐದು ದೇಶಗಳ ಜನ ತಮ್ಮ ಸಂಸದರಿಗೆಂದು ಒಂದು ಜಾಲತಾಣದಲ್ಲಿ ಬರೆದದ್ದನ್ನೆಲ್ಲ ಓದಿ, ಇದು ಪ್ರಶ್ನೆ, ಇದು ಬೈಗುಳ, ಇದಕ್ಕೆ ಉತ್ತರ ಬಂತು, ಇದಕ್ಕೆ ಬರಲಿಲ್ಲ ಎಂದು ಗುರುತು ಹಾಕುವುದು. ಟಾರ್ಟು ಎಂಬ ಚಳಿಯೂರಿನ ಸಂಶೋಧನಾ ಕಚೇರಿಯೊಂದರಲ್ಲಿ ಉಣ್ಣೆಯ ಕಾಲುಚೀಲ ತೊಟ್ಟು ಕೂತು, ಮೂರು ವರ್ಷ ಅವಳು ಹಾಕಿದ್ದು ಬಹುಪಾಲು 'ಬರಲಿಲ್ಲ' ಎಂಬ ಗುರುತನ್ನೇ. ವಯಸ್ಸು ನಲವತ್ತೇಳು. ಎರಡೆರಡು ವರ್ಷದ ಗುತ್ತಿಗೆಯಲ್ಲೇ ಹದಿನಾಲ್ಕು ವರ್ಷ ಸವೆದಿದ್ದವು.

ಅವಳನ್ನು ಕಾಡುತ್ತಿದ್ದವಳು ಹೆಲ್ವೆ. ಪಶ್ಚಿಮದ ಪುಟ್ಟ ದ್ವೀಪವೊಂದರ ಮುದುಕಿ. ಗಂಡನಿಗೆ ವಾರಕ್ಕೆ ಮೂರು ಸಲ ಆಚೆ ದಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಬೆಳಿಗ್ಗೆ ಒಂಬತ್ತಕ್ಕೆ. ದ್ವೀಪದಿಂದ ಮೊದಲ ದೋಣಿ ಹೊರಡುವುದೇ ಹತ್ತಕ್ಕೆ. ಹಾಗಾಗಿ ಆತ ಹಿಂದಿನ ಸಂಜೆಯೇ ಹೋಗಿ ಯಾರದೋ ಮನೆಯ ಸೋಫಾದ ಮೇಲೆ ಮಲಗಬೇಕು. ದೋಣಿಯನ್ನು ಎರಡು ಗಂಟೆ ಮುಂಚೆ ಬಿಡಿ ಎಂದು ಹೆಲ್ವೆ ಹದಿನಾಲ್ಕು ಸಲ ಬರೆದಿದ್ದಳು. ಸಂಸದ ತುಟಿ ಬಿಚ್ಚಿರಲಿಲ್ಲ. ಜಾಲತಾಣದ ಚರ್ಚೆಯ ನಡುವೆ ಸಂಶೋಧಕರು ಮೂಗು ತೂರಿಸಬಾರದು ಎಂಬ ನಿಯಮವಿತ್ತು. ರೇಲಿಕಾ ಹದಿನಾಲ್ಕು ಸಲವೂ ಗುರುತು ಹಾಕಿ ಸುಮ್ಮನಾಗಿದ್ದಳು.

ಫೆಬ್ರವರಿಯಲ್ಲಿ ಮುಖ್ಯಸ್ಥ ಇಂದ್ರೆಕ್ ಬಂದು ಮೇಜಿಗೆ ಒರಗಿದ.

"ಉಳಿದ ನಾಲ್ಕು ದೇಶದಲ್ಲೂ ಈ ಚರ್ಚೆಯಿಂದ ಖುಷಿಯಾಗಿರೋರು ಒಬ್ಬೊಬ್ರು ಸಿಕ್ಕಿದಾರೆ. ನಮ್ಮಲ್ಲೇ ಒಂದು ನರಪಿಳ್ಳೆನೂ ಇಲ್ಲ. ಫೋನ್ ಮಾಡಿ ಹುಡುಕು ಮಾರಾಯ್ತಿ. ಇಲ್ದಿದ್ರೆ ಯೋಜನೆ ಮುಂದುವರಿಯಲ್ಲ. ನೀನೂ ಮನೆಗೆ, ನಾನೂ ಮನೆಗೆ."

ಫೋನೆತ್ತಿದ ಆರು ಜನ ಬೈದರು. ಹೆಲ್ವೆಗೆ ಫೋನ್ ಮಾಡಲು ಮುಖವಿರಲಿಲ್ಲ, ಕೊನೆಗೆ ಮಾಡಿದಳು.

"ಪಾರ್ಲಿಮೆಂಟಿನಿಂದಾನಾ?" ಎಂದಿತು ಆ ಕಡೆಯ ದನಿ.

"ಅಲ್ಲಮ್ಮ. ಚರ್ಚೆ ಹೇಗಿತ್ತು ಅಂತ ವಿಚಾರಿಸೋರು. ನೀವು ಬರೆದದ್ದನ್ನ ಓದಿದೀನಿ."

"ಎಲ್ಲಾನೂ?"

"ಹದಿನಾಲ್ಕೂ. ಎರಡೆರಡು ಸಲ. ನಿಮ್ಮ ಯಜಮಾನರು ಸೋಫಾದಿಂದ ಬಿದ್ದದ್ದು ಕೂಡ."

ಮುದುಕಿ ನಕ್ಕಳು. "ನಮ್ಮನೆಯೋರು ಹೇಳ್ತಿದ್ರು, ಹೋಗಿ ಬಚ್ಚಲ ಗೋಡೆಗೆ ಹೇಳ್ಕೊ ಹೋಗೇ ಅಂತ. ನೋಡು, ಒಬ್ಳು ಓದಿದಾಳೆ!"

"ಈ ಚರ್ಚೆಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?"

"ಹತ್ತು ಬರ್ಕೋ."

"ಅಯ್ಯೋ, ದೋಣಿ ಬಂದಿಲ್ವಲ್ಲಮ್ಮ?"

"ದೋಣಿ ನಿನ್ ಕೈಲಿದೆಯಾ ಮಗಳೇ? ಫೋನ್ ಮಾಡಿದ್ಯಲ್ಲ, ಅದಕ್ಕೆ ಹತ್ತು. ಬರ್ಕೋ ಅಂದ್ರೆ ಬರ್ಕೋ."

ಹೇಳಿದ್ದನ್ನು ಹೇಳಿದಂತೆ ಬರೆಯಬೇಕು ಎಂಬುದೂ ನಿಯಮವೇ. ರೇಲಿಕಾ ಹತ್ತು ಎಂದು ಬರೆದಳು. ಪಕ್ಕದಲ್ಲಿ, 'ಈ ಅಂಕ ನನ್ನ ಫೋನಿಗೆ ಮಾತ್ರ. ದೋಣಿಯ ಸಮಯ ಬದಲಾಗಿಲ್ಲ' ಎಂದು ಟಿಪ್ಪಣಿ ಹಾಕಿದಳು.

"ಟಿಪ್ಪಣಿಗೆಲ್ಲ ಕೋಷ್ಟಕದಲ್ಲಿ ಜಾಗ ಇಲ್ಲ," ಎಂದ ಇಂದ್ರೆಕ್.

"ಇಲ್ದೆ ಹೋದ್ರೆ ಅರ್ಥವೇ ಬೇರೆ ಆಗುತ್ತೆ."

"ಹತ್ತು ಅಂದಿದ್ದು ಅವಳೇ ತಾನೇ?"

ಜಗಳವಾಡಬಹುದಿತ್ತು. ಆಡಬೇಕಿತ್ತು. ಆದರೆ ಅವಳಿಗೆ ಸಾಕಾಗಿ ಹೋಗಿತ್ತು, ಮೂರು ವರ್ಷ ಬರೀ ಜಗಳವನ್ನೇ ಓದಿದ್ದಳು. "ಏನಾದ್ರೂ ಮಾಡ್ಕೋ," ಎಂದು ಕೋಟು ಹಾಕಿಕೊಂಡು ಹೊರಟಳು. ಗುತ್ತಿಗೆ ಇನ್ನೆರಡು ವರ್ಷ ಮುಂದುವರಿಯಿತು.

ಟಿಪ್ಪಣಿಯಿಲ್ಲದೆ, ಹೆಲ್ವೆಯ ಹೆಸರು ಮತ್ತು ಹತ್ತಂಕ ಮಾತ್ರ ಹೊತ್ತು ವರದಿ ಎಲ್ಲ ಸಂಸದರಿಗೂ ಹೋಯಿತು. ಏಪ್ರಿಲ್‌ನ ಒಂದು ಮಧ್ಯಾಹ್ನ ರೇಲಿಕಾ ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಫೋನ್ ಬಂತು.

"ಮಗಳೇ, ನಾನು ಹೆಲ್ವೆ. ಸಂಸದರು ಉತ್ತರ ಬರೆದಿದಾರೆ ಕಣೇ! ಮೂರು ವರ್ಷಕ್ಕೆ ಮೊದಲ್ನೇದು."

"ಏನಂತೆ?"

ಮುದುಕಿ ಕನ್ನಡಕ ಹುಡುಕಿ ನಿಧಾನವಾಗಿ ಓದಿದಳು. "'ನಿಮ್ಮ ತೊಂದರೆ ಬಗೆಹರಿದು ನಿಮಗೆ ಪೂರ್ತಿ ತೃಪ್ತಿಯಾಗಿದೆ ಎಂದು ವರದಿಯಿಂದ ತಿಳಿದು ಸಂತೋಷವಾಯಿತು. ಈ ವಿಷಯವನ್ನು ಇಲ್ಲಿಗೆ ಮುಗಿಸಲಾಗಿದೆ.'"

ರೇಲಿಕಾ ಚಾಕು ಕೆಳಗಿಟ್ಟಳು.

"ಅಲ್ಲಾ," ಎಂದಳು ಹೆಲ್ವೆ. ದನಿಯಲ್ಲಿ ಕೋಪವಿರಲಿಲ್ಲ. "ಇವ್ರು ಇವತ್ತು ಸಂಜೆನೂ ಚೀಲ ಹಿಡ್ಕೊಂಡು ಆಚೆ ದಡಕ್ಕೆ ಹೋಗ್ಬೇಕಲ್ಲೇ. ನೀನು ಆ ಸಂಸದರಿಗೆ ಏನಂತ ಹೇಳ್ದೆ?"