ಉಡಿ ತುಂಬಿದ ತಪ್ಪಿಗೆ

ಅವಳ ಬಲಗೈ ಹೆಬ್ಬೆರಳಿಗೆ ತಗಡಿನ ಉಗುರು. ಬೀಡಿಯ ಬಾಯಿ ಮಡಚಲು ಹಾಕಿಕೊಂಡದ್ದು. ಊಟಕ್ಕೆ ಕೂತರೂ ತೆಗೆಯುತ್ತಿರಲಿಲ್ಲ. ನಿಪ್ಪಾಣಿಯಲ್ಲಿ ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಅವಳು ಕ್ರೈಸ್ತರವಳು, ಗಂಡ ಸತ್ತವಳು, ಮಕ್ಕಳಿಲ್ಲ. ಓಣಿಗೆಲ್ಲ ಬೀಡಿ ಮಾವಶಿ, ಅಂದರೆ ಚಿಕ್ಕಮ್ಮ. ನಾನು ತಂಬಾಕಿನ ವಖಾರಿಗೆ ಕೂಲಿಗೆ ಹೋದರೆ ನನ್ನ ಮಗಳು ಅವಳ ತೊಡೆಯ ಮೇಲೇ ಬೆಳೆದಳು.

ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಮಗಳು ಹಟ ಹಿಡಿದಳು: "ಮಾವಶಿ ಉಡಿ ತುಂಬದ ಹೊರತು ನಾ ಕ್ರೂಸರ್ ಗಾಡಿ ಹತ್ತೂದಿಲ್ಲ."

ಮಾವಶಿ ತಗಡಿನ ಉಗುರು ಕಳಚಿಟ್ಟು, ಅರಿಶಿನ ಕುಂಕುಮ ಹಚ್ಚಿ, ಅಕ್ಕಿ ತೆಂಗಿನಕಾಯಿ ಸೆರಗಿಗೆ ಹಾಕಿದಳು. ಗಂಡ ಸತ್ತವಳು ಉಡಿ ತುಂಬಿದಳೆಂದು ನಮ್ಮವರು ಗೊಣಗಿ, ಉಂಡು ಹೋದರು. ಅವಳ ಚರ್ಚಿನವರು ಅಷ್ಟಕ್ಕೆ ಬಿಡಲಿಲ್ಲ. ಅನ್ಯದೇವರ ಪೂಜೆ ಮಾಡಿದ್ದಾಳೆ, ಎಲ್ಲರ ಮುಂದೆ ತಪ್ಪೊಪ್ಪುವ ತನಕ ಒಳಗೆ ಬರುವಂತಿಲ್ಲ, ಸತ್ತರೆ ಚರ್ಚಿನ ಮಣ್ಣೂ ಇಲ್ಲ ಎಂದರು. ಅವಳ ಗಂಡನನ್ನು ಹೂಳಿದ್ದು ಆ ಮಣ್ಣಿನಲ್ಲೇ.

"ತಪ್ಪಾತು ಅಂದು ಬಿಡ ಬೇ, ನಾಲಗಿ ಸವೀತೈತೇನು?" ಎಂದೆ.

"ಮಗಳಿಗಿ ಉಡಿ ತುಂಬಿದ್ದು ತಪ್ಪಂತ ಹ್ಯಾಂಗ ಅನ್ಲಿ? ಸುಳ್ಳ ಹೇಳಿ ದೇವರ ಮುಂದ ಕೂಡ್ಲೇನು?"

ರವಿವಾರ ಮಾತ್ರ ತಪ್ಪಿಸಲಿಲ್ಲ. ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕೂತು ಹೊರಗಿನಿಂದಲೇ ಹಾಡುತ್ತಿದ್ದಳು. ಮೊದಲಿನಿಂದಲೂ ಅಲ್ಲಿ ಹಾಡು ಎತ್ತಿಕೊಡುವವಳು ಅವಳೇ. ಒಮ್ಮೆ ಪಾದ್ರಿ ಮೊಬೈಲಿನಲ್ಲಿ ಹಾಡು ಹಚ್ಚಿದನಂತೆ, ನಡುವೆ ಯಾರದೋ ಫೋನು ಬಂತಂತೆ. ಆಮೇಲೆ ಒಳಗಿನವರು ಸುಮ್ಮನೆ ಕಾಯುತ್ತಿದ್ದರು. ಹೊರಗಿನಿಂದ ದನಿ ಬಂದ ಮೇಲೆ ಬಾಯಿ ತೆರೆಯುತ್ತಿದ್ದರು.

"ನನಗ ನೆಗಡಿ ಬಂದ್ರ ಎಲ್ಲಾರೂ ಮೂಕರಾಗ್ತಾರ ನೋಡ" ಎಂದು ನಗುತ್ತಿದ್ದಳು.

ಹೀಗೇ ವರ್ಷಗಳು ಹೋದವು. ಒಂದು ಮಳೆಗಾಲ ದಮ್ಮು ಹೆಚ್ಚಿ ಸತ್ತಳು. ಓಣಿಯವರೇ ಹೊತ್ತೆವು. ಚರ್ಚಿನ ಸ್ಮಶಾನದ ಗೇಟಿಗೆ ಕೀಲಿ. ಪಾದ್ರಿಯೂ ಹಿರಿಯರೂ ಅಡ್ಡ ನಿಂತಿದ್ದರು.

"ಆಕಿ ತಪ್ಪು ಒಪ್ಪಿಲ್ರಿ ಅಕ್ಕಾರ. ನೇಮ ಐತಿ" ಎಂದ ಒಬ್ಬ ಹಿರಿಯ.

"ಇಷ್ಟ ವರ್ಷ ಆಕಿ ದನಿ ಹಿಡಕೊಂಡು ಹಾಡೀರಿ, ಆವಾಗ ನೇಮ ಎಲ್ಲಿ ಹೋಗಿತ್ತು? ಈಗ ನೀವ ಒಂದ ಹಾಡು ಎತ್ರಿ. ಎತ್ತಿದ್ರ ಹೆಣ ಹೊಳ್ಳಿ ಒಯ್ತೀವಿ" ಎಂದೆ.

ಪಾದ್ರಿಯೇ ಕೀಲಿ ತೆಗೆದ.

ಗಂಡನ ಮಗ್ಗುಲಿಗೇ ಇಳಿಸಿದೆವು. ಹಾಡು ಎತ್ತುವವರಿಲ್ಲದೆ ಸುಮ್ಮನೆ ಮಣ್ಣು ಹಾಕಿದರು. ನನ್ನ ಸೆರಗಿನ ಗಂಟಿನಲ್ಲಿ ಅಕ್ಕಿ, ಕುಂಕುಮ, ತೆಂಗಿನಕಾಯಿ ಇದ್ದವು. ಅವಳ ಉಡಿಗೆಂದು ಒಯ್ದಿದ್ದೆ. ಹಾಕಲಿಲ್ಲ. ಈಗಷ್ಟೇ ಒಳಗೆ ಹೋಗಿದ್ದಾಳೆ, ಮತ್ತೆ ಹೊರಗೆ ಹಾಕಿಸುವುದು ಬೇಡವೆಂದು ಗಂಟು ಬಿಗಿದುಕೊಂಡು ಮನೆಗೆ ಬಂದೆ.