ಡಿಟೊನೇಟ್ ಎಂದು ಬರೆದ ನೋಟಿಸು

ಡಿಟೊನೇಟ್ ಎಂಬ ಇಂಗ್ಲಿಷ್ ಕ್ರಿಯಾಪದದ ಮೇಲೆ ನನಗೆ ಒಂದು ಕಾಲಕ್ಕೆ ವಿಪರೀತ ಮೋಹವಿತ್ತು. ಮೂಲ ಲ್ಯಾಟಿನ್ನು, ಗುಡುಗುವುದು ಎಂಬ ಅರ್ಥದ ಮಾತಿನಿಂದ ಬಂದದ್ದು. ಕುಕ್ಕರಿಗೆ, ಮನುಷ್ಯನ ಸಿಟ್ಟಿಗೆಲ್ಲ ಎಕ್ಸ್‌ಪ್ಲೋಡ್ ಸಾಕು. ಮದ್ದು ತುಂಬಿ, ವಯರು ಎಳೆದು, ಬೇಕೆಂದೇ ಸಿಡಿಸುವುದಕ್ಕೆ ಡಿಟೊನೇಟ್ ಬೇಕು. ಅಂಕೋಲೆಯಲ್ಲಿ ಟ್ಯೂಷನ್ ಹೇಳುತ್ತಿದ್ದ ನಾನು ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ತುಂಬಿದ ಕೊಡ ತುಳುಕುವುದಿಲ್ಲವಂತೆ. ನಾನು ತುಳುಕುತ್ತಲೇ ಇದ್ದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಹಣಕೋಣದಲ್ಲಿ ನನ್ನ ಸೋದರತ್ತೆಯ ಮನೆಯ ಹಿಂದಿನ ಗುಡ್ಡದಲ್ಲಿ ಕಲ್ಲು ಒಡೆಯುವ ಕೆಲಸ ನಡೆದಿತ್ತು. ಮದ್ದು ಹಾರಿಸುವ ಮೊದಲು ಮುದುಕನೊಬ್ಬ ಕೆಂಪು ಬಟ್ಟೆ ಹಿಡಿದು, ಡಬ್ಬಿ ಬಡಿಯುತ್ತ ಮನೆಮನೆಗೆ ಬರುತ್ತಿದ್ದ. ಅಂಗಳದಲ್ಲಿದ್ದವರು ಒಳಗೆ ಹೋಗುವ ತನಕ ಆಸಾಮಿ ಕದಲುತ್ತಿರಲಿಲ್ಲ. ಹೊಸ ಕಂತ್ರಾಟುದಾರನಿಗೆ ಇದು ಗಮಾರತನ ಅನ್ನಿಸಿತು. ಮುದುಕನನ್ನು ಬಿಡಿಸಿದ. ಸಾಹೇಬರು ಮೆಚ್ಚುವಂಥ ಇಂಗ್ಲಿಷ್ ನೋಟಿಸು ಬರೆದುಕೊಡಿ ಮಾಸ್ತರೇ ಎಂದು ನನ್ನ ಹತ್ತಿರ ಬಂದ. ಅವನ ದಡ್ಡತನಕ್ಕೆ ನನ್ನ ಒಣಜಂಭ ಒಳ್ಳೆ ಜೋಡಿಯಾಯಿತು. ಡಿಟೊನೇಟ್ ಎಂದು ಕೆಂಪು ಶಾಯಿಯಲ್ಲಿ, ಬಾಲ ಎಳೆದ ನನ್ನ ಅಕ್ಷರದಲ್ಲಿ ದೊಡ್ಡದಾಗಿ ಬರೆದೆ. ಕನ್ನಡದಲ್ಲಿ ಒಂದು ಸಾಲು ಸೇರಿಸಬೇಕೆಂದು ತೋಚಲಿಲ್ಲ, ತೋಚಿದ್ದರೂ ಸೇರಿಸುತ್ತಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ, ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಅತ್ತೆಯ ಮೊಣಕಾಲಿಗೆ ಕಲ್ಲು ಬಂದು ಬಡಿಯಿತು. ಕಾಲು ಉಳಿಸುವುದು ಕಷ್ಟ ಎಂದರು ಕಾರವಾರದ ಡಾಕ್ಟರು.

ಮಂಚದ ಪಕ್ಕ ನಿಂತ ನನ್ನನ್ನು ಕಂಡು ಅತ್ತೆಯೇ ಸಮಾಧಾನ ಹೇಳಿದಳು. “ಡಬ್ಬಿ ಶಬ್ದ ಕೇಳ್ಲಿಲ್ಲ ತಮಾ. ಹಾಂಗಾಗಿ ಕೂತೇ ಇದ್ದೆ.”

“ನೋಟಿಸು ನೋಡ್ಲಿಲ್ವಾ ಅತ್ತೆ?” ಎಂದೆ. ಓದುಬರಹ ಬಾರದವಳನ್ನು, ತಪ್ಪೆಲ್ಲ ಅವಳದೇ ಎಂಬಂತೆ ಹಾಗೆ ಕೇಳಿದ ನಾಲಿಗೆಗೆ ಬೆಂಕಿ ಹಾಕಬೇಕು.

“ನೋಡದೇ ಏನು? ಬಾಗಿಲ ಎದುರಿನ ಮರಕ್ಕೇ ಅಂಟ್ಸಿದ್ರಲ,” ಎಂದಳು. ಆ ನೋವಿನಲ್ಲೂ ಮುಖ ಅರಳಿತು. “ನನ್ನ ಅರ್ಜಿ ಎಲ್ಲ ನೀನೇ ಬರಿಯೂದು, ನಿನ್ನ ಅಕ್ಷರ ಗುರ್ತು ಸಿಗೂದಿಲ್ವಾ? ನಮ್ಮ ಹುಡ್ಗ ಬರ್ದದ್ದು ಹೇಳಿ ಬಾಜೂ ಮನೆಯವ್ರನ್ನೂ ಕರ್ದು ತೋರ್ಸಿದೆ.”