ಹೆಣ್ಣು ನೋಡಲು ಬಂದವರು ಓದಿದ ಸಿನಿಮಾ ಪಟ್ಟಿ

ನನ್ನನ್ನು ನೋಡಲು ಬಂದ ಹುಡುಗನ ತಂದೆ ನನ್ನ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದರು. ಹುಡುಗಿಯ ಅಕ್ಷರ ನೋಡಬೇಕೆಂದು ಅವರು ಕೇಳಿದ್ದರು. ಅಪ್ಪ ಅಭಿಮಾನದಿಂದ ಕೈಗೆ ಸಿಕ್ಕ ನೋಟ್‌ಬುಕ್ಕನ್ನೇ ಕೊಟ್ಟುಬಿಟ್ಟಿದ್ದರು. ಅದರ ಕೊನೆಯ ಪುಟದಲ್ಲಿ ನಾನು ‘ಮುಂದೆ ನೋಡಬೇಕಾದ ಸಿನಿಮಾಗಳು’ ಎಂದು ಬರೆದು, ಕೆಳಗೆ ಒಂಬತ್ತು ಹೆಸರು ಪಟ್ಟಿ ಮಾಡಿದ್ದೆ.

ಅರವತ್ತರ ದಶಕದ ಸಿಂದಗಿಯಲ್ಲಿ ಹುಡುಗಿಗೆ ಸಿನಿಮಾ ಹುಚ್ಚಿದೆ ಎಂದರೆ ಸಂಬಂಧ ಮುರಿಯಲು ಅಷ್ಟೇ ಸಾಕಿತ್ತು. ಅದೇ ಕಾರಣಕ್ಕೆ ಇಂಡಿ ಊರಿನ ಒಂದು ಮನೆತನ ಆಗಲೇ ನನ್ನನ್ನು ಬೇಡವೆಂದಿತ್ತು. ಅಪ್ಪ ತಲೆ ತಗ್ಗಿಸಿ ಕುಳಿತರು.

ಬಸವನ ಬಾಗೇವಾಡಿಯಿಂದ ಬಂದಿದ್ದ ಆ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಪಟ್ಟಿಯನ್ನೆಲ್ಲ ಓದಿದರು. ಆಮೇಲೆ ಒಂದು ಹೆಸರಿನ ಮೇಲೆ ಬೆರಳಿಟ್ಟು, “ಈ ಮೂರನೇದ್ದು ತಗದುಬಿಡವಾ. ನಾ ನೋಡೇನಿ. ಸುರುವಿನಿಂದ ಕಡೀತನಕ ಬರೇ ಅಳಸ್ತಾರ,” ಎಂದರು.

ಪಕ್ಕದಲ್ಲಿದ್ದ ಅವರ ಹೆಂಡತಿ ಥಟ್ಟನೆ ತಿರುಗಿದರು. “ಜ್ವಾಳದ ಪ್ಯಾಟಿಗಂತ ವಿಜಾಪುರಕ್ಕ ಹೋಗಿದ್ರಲ್ಲ, ಅವತ್ತ ನೋಡಿದ್ರೇನು? ನನ್ನ ಯಾಕ ಕರ್ಕೊಂಡು ಹೋಗಲಿಲ್ರಿ?”

ಹಿರಿಯರು ಚಹಾದ ಕಪ್ಪಿನ ಬಸಿಯನ್ನು ಮುಖಕ್ಕೆ ಅಡ್ಡ ಹಿಡಿದರು. ಮೊದಲು ನಕ್ಕವನು ಹುಡುಗ. ಆಮೇಲೆ ಅಪ್ಪನೂ ನಕ್ಕರು. ಅವರ ಹಣೆಯ ಬೆವರು ಇನ್ನೂ ಆರಿರಲಿಲ್ಲ.

ನಾಚಿಕೆಯಿಂದ ನಾನು ಹುಡುಗನ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಆದರೆ ತನಗೂ ಸಿನಿಮಾ ನೋಡಬೇಕಿತ್ತೆಂದು ನಾಲ್ಕು ಜನರೆದುರು ಗಂಡನಿಗೆ ಹೇಳಬಲ್ಲ ಹೆಂಗಸಿನ ಮನೆಯಲ್ಲಿ ನಾನೂ ಬದುಕಬಲ್ಲೆ ಎನಿಸಿತು. ಒಳಗೆ ಹೋಗಿ ಅವ್ವನ ಕಿವಿಯಲ್ಲಿ, “ಹೂಂ ಅಂತ ಹೇಳಬೇ,” ಎಂದೆ.